ಸೈಕಲ್ ಕಾರಿನ ಮೇಲೆ, ಅಜ್ಜಿ ಕಾರಿನೊಳಗೆ

ಭಾನುವಾರ ನಸುಕಿನಲ್ಲಿ ಜಯನಗರ, ಬನಶಂಕರಿಯ ರಸ್ತೆಗಳಲ್ಲಿ ತಲೆಯ ಮೇಲೆ ಸೈಕಲ್ ಹೊತ್ತ ಕಾರುಗಳು ಒಂದೆರಡಾದರೂ ಕಾಣುತ್ತವೆ. ಊರೊಳಗೆ ಸೈಕಲ್ ತುಳಿಯಲು ಜಾಗವಿಲ್ಲ. ಕಾರಿನಲ್ಲಿ ಹೊತ್ತುಕೊಂಡು ಹೋಗಿ ಖಾಲಿ ರಸ್ತೆಯಲ್ಲಿ ಇಳಿಸಿ ತುಳಿಯಬೇಕು. ಕಾಲ ಹಾಗಿದೆ!

ನಮ್ಮ ಮನೆಯಲ್ಲಿ ಮಗನದೊಂದು, ಮೊಮ್ಮಗಳದೊಂದು ಸೈಕಲ್ ಇದೆ. ಹಿಂದಿನ ಸೀಟು ಮಡಚಿದರೆ ಎರಡೂ ಕಾರಿನೊಳಗೆ ಹಿಡಿಸುತ್ತವೆ. ಆಗ ಹಿಡಿಸದವಳು ನಾನೊಬ್ಬಳೇ. ಹಾಗಾಗಿ ಕ್ಯಾರಿಯರ್ ಆರಿಸುವುದರಲ್ಲಿ ನನ್ನದೂ ಒಂದು ಓಟು ಇತ್ತು. ಡಿಕ್ಕಿಗೆ ನೇತುಹಾಕುವ ಅಗ್ಗದ ಕ್ಯಾರಿಯರ್ ನಮ್ಮ ಕಾರಿನ ನಂಬರ್ ಪ್ಲೇಟನ್ನೂ ಹಿಂದಿನ ದೀಪವನ್ನೂ ಮುಚ್ಚುತ್ತಿತ್ತು. ಅದು ಬೇಡವೆಂದಾಯಿತು.

ಒಂದು ಶನಿವಾರ ಆರ್.ವಿ. ರಸ್ತೆ ಹಿಡಿದು, ಲಾಲ್‌ಬಾಗಿನ ಪಶ್ಚಿಮ ದ್ವಾರ, ಮಿನರ್ವ ವೃತ್ತ ದಾಟಿ ಜೆ.ಸಿ. ರಸ್ತೆಗೆ ಹೋದೆವು. ಕಾರಿನ ಬಿಡಿಭಾಗಗಳಿಗೆ ಬೆಂಗಳೂರಿನವರೆಲ್ಲ ಬರುವುದು ಅಲ್ಲಿಗೇ. "ಮೊದಲು ಕಾರಿನ ತಲೆ ನೋಡಬೇಕಮ್ಮಾ" ಎಂದರು ಅಂಗಡಿಯವರು. ಕೆಲವು ಕಾರುಗಳ ಛಾವಣಿಯ ಎರಡೂ ಬದಿ ಗಟ್ಟಿ ಕಂಬಿಗಳಿರುತ್ತವೆ, ಅಡ್ಡಪಟ್ಟಿಗಳನ್ನು ಅವಕ್ಕೆ ಬಿಗಿಯಬಹುದು. ಇನ್ನು ಕೆಲವಕ್ಕೆ ಹೊಳೆಯುವ ಕಂಬಿಗಳಿದ್ದರೂ ಅವು ಬರೀ ಶೋಕಿ, ಭಾರ ಹೊರುವುದಿಲ್ಲ. ನಮ್ಮದು ಬೋಳು ತಲೆ. ಅದಕ್ಕೆ ಬಾಗಿಲ ಚೌಕಟ್ಟನ್ನು ಕಚ್ಚಿ ಹಿಡಿಯುವ, ನಮ್ಮ ಮಾದರಿಯ ಕಾರಿಗೇ ಅಳತೆ ಕೊಟ್ಟು ಮಾಡಿದ ಪಟ್ಟಿಗಳೇ ಬೇಕು.

ಕಪಾಟಿನಲ್ಲಿ ಸ್ವೀಡನ್ನಿನ ಥೂಲೆ ಕಂಪನಿಯದೂ ಇತ್ತು. 1942ರಲ್ಲಿ ಶುರುವಾದ ಆ ಕಂಪನಿ ಮೊದಲು ಮಾರಿದ್ದು ಮೀನು ಹಿಡಿಯುವ ಬೋನಂತೆ! ಬೆಲೆ ಕೇಳಿ ನಾವು ಪಕ್ಕದ ಸಾಲಿಗೆ ಸರಿದೆವು.

ಆಮೇಲೆ ಬಂತು ಲೆಕ್ಕ. ಛಾವಣಿ 50 ಕೆ.ಜಿ. ಹೊರಬಹುದೆಂದು ನಮ್ಮ ಕಾರಿನ ಕೈಪಿಡಿಯಲ್ಲಿದೆ. "ನಮ್ಮ ಸೈಕಲ್ಲು ಎರಡೂ ಸೇರಿ 26. ಇನ್ನೂ 24 ಇದೆಯಲ್ಲ ಅಜ್ಜಿ, ಕ್ರಿಕೆಟ್ ಕಿಟ್ಟೂ ಇಡೋಣ" ಎಂದಳು ಮೊಮ್ಮಗಳು. ಅಡ್ಡಪಟ್ಟಿಗಳು 5 ಕೆ.ಜಿ., ಸೈಕಲ್ ನಿಲ್ಲಿಸುವ ಎರಡು ತಟ್ಟೆಗಳು 8 ಕೆ.ಜಿ. ಇವೆ, ಅವನ್ನೂ ಛಾವಣಿಯೇ ಹೊರಬೇಕಲ್ಲವೇ? ಒಟ್ಟು 39 ಆಯಿತು. ಉಳಿದದ್ದು 11. ಆ ಕಿಟ್ಟೇ ಹತ್ತಿರ ಹತ್ತಿರ 12 ತೂಗುತ್ತದೆ. ಅದು ಡಿಕ್ಕಿಗೇ ಹೋಯಿತು. ಹೇಗೂ ಭಾರದ ಸಾಮಾನು ಕೆಳಗಿದ್ದಷ್ಟೂ ಒಳ್ಳೆಯದು. ಮೇಲಿದ್ದರೆ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ.

ಗಾಳಿಯದು ಇನ್ನೊಂದು ಲೆಕ್ಕ. ಮಕ್ಕಳು ಇದನ್ನು ನೆನಪಿಡಬೇಕು: ವೇಗ 40ರಿಂದ 80 ಕಿಲೋಮೀಟರಿಗೆ, ಅಂದರೆ ಎರಡು ಪಟ್ಟಾದರೆ, ಸೈಕಲ್ಲನ್ನು ಹಿಂದಕ್ಕೆ ತಳ್ಳುವ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಕೆಲಸವಿಲ್ಲದ ದಿನ ಕ್ಯಾರಿಯರ್ ಬಿಚ್ಚಿಡುವುದೇ ಲೇಸು.

ನನಗೆ ನಿಜವಾಗಿ ದಿಗಿಲಿದ್ದದ್ದು ಎತ್ತರದ ಬಗ್ಗೆ. ಸೈಕಲ್ ನಿಲ್ಲಿಸಿ ಅಳೆದರೆ ನೆಲದಿಂದ 8 ಅಡಿ 9 ಅಂಗುಲ ಬಂತು. ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನ ತೊಲೆ ಇರುವುದು ಏಳೂವರೆ ಅಡಿಯಲ್ಲಿ. ಹಾಗಾಗಿ ಕಾರನ್ನು ರಸ್ತೆಗೆ ತಂದ ಮೇಲೆಯೇ ಸೈಕಲ್ ಏರಿಸುವುದು. ವಾಪಸು ಬಂದಾಗ ಗೇಟಿನ ಹೊರಗೇ ಇಳಿಸುವುದು. ಜಯನಗರ 1948ರಲ್ಲಿ ಹುಟ್ಟಿದ ಬಡಾವಣೆ. ಅದರ ಅಡ್ಡರಸ್ತೆಗಳಲ್ಲಿ ಮರದ ಕೊಂಬೆಗಳು ಬಾಗಿವೆ, ಅವುಗಳ ನಡುವೆ ಕೇಬಲ್ ತಂತಿಗಳು ಜೋತಾಡುತ್ತವೆ. ನೆರಳು ತಂಪು, ನಿಜ. ಆದರೆ ಮೇಲೆ ಸೈಕಲ್ ಇರುವುದನ್ನು ಮರೆತು ನುಗ್ಗಿದರೆ ಸೈಕಲ್ಲಿನ ಜೊತೆ ಛಾವಣಿಯೂ ಹೋದೀತು! ಮೊಮ್ಮಗಳು "8 ಅಡಿ 9 ಅಂಗುಲ" ಎಂದು ಕೆಂಪಕ್ಷರದಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದಳು.

ಮೊದಲ ಪಯಣ ಕನಕಪುರ ರಸ್ತೆಯಲ್ಲಿ. ಹತ್ತು ಕಿಲೋಮೀಟರ್ ಹೋಗುತ್ತಲೇ ನಿಲ್ಲಿಸಿ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ನೋಡಿದೆವು. ಓಟದ ಅದುರಿಗೆ ಅವು ಸಡಿಲವಾಗುವುದುಂಟು. ಮೇಲಿಂದ ಭ್ರಮರದಂತೆ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಚಪ್ಪಟೆ ಪಟ್ಟಿ ಗಾಳಿಗೆ ಅದುರುತ್ತಿತ್ತು, ಅಷ್ಟೆ. ಮಗ ಅದನ್ನು ಒಂದು ಸುತ್ತು ತಿರುಚಿ ಕಟ್ಟಿದ, ಸುಮ್ಮನಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ನಾನು ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸಿದ್ದೆ.