ಬೆರಳಚ್ಚು

ಕನ್ನಡದಲ್ಲಿ ‘ಬೆರಳಚ್ಚು’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಟೈಪ್ ಮಾಡುವುದೂ ಬೆರಳಚ್ಚು, ಪೊಲೀಸರು ಪಡೆಯುವ ಬೆರಳ ಗುರುತೂ ಬೆರಳಚ್ಚು. ಈ ಎರಡು ಅರ್ಥಗಳು ಒಂದಾಗಿಹೋದ ದೇಶವೊಂದಿತ್ತೆಂಬುದು, ಪ್ರಭುತ್ವ ಮತ್ತು ಸಾಹಿತ್ಯದ ಸಂಬಂಧವನ್ನು ಕುರಿತು ಸಂಶೋಧನೆ ನಡೆಸುತ್ತಿರುವ ನನಗೆ ತಿಳಿದದ್ದು ರುಮೇನಿಯಾದ ಚರಿತ್ರೆಯನ್ನು ಓದುವಾಗ.

ನಿಕೊಲಾಯೆ ಚೌಷೆಸ್ಕು ಆ ದೇಶವನ್ನು 1965ರಿಂದ 1989ರ ಡಿಸೆಂಬರಿನವರೆಗೆ ಆಳಿದನು. 1983ರ ಆಜ್ಞೆಯೊಂದರ ಪ್ರಕಾರ ಬೆರಳಚ್ಚು ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳಲು ಪೊಲೀಸರ ಅನುಮತಿ ಬೇಕಿತ್ತು. ಯಂತ್ರದ ಅಕ್ಷರಗಳ ಮಾದರಿಯನ್ನು ಪ್ರತಿವರ್ಷ ಠಾಣೆಗೆ ಒಪ್ಪಿಸಬೇಕಿತ್ತು. ಹೆಸರಿಲ್ಲದ ಕರಪತ್ರ ಸಿಕ್ಕರೆ ಅದು ಯಾರ ಮನೆಯಿಂದ ಹೊರಟಿತೆಂದು ಪತ್ತೆಹಚ್ಚಲು ಈ ಏರ್ಪಾಡು.

ಬದುಕಿನ ಉಳಿದ ಭಾಗವೂ ಹೀಗೆಯೇ ಬಿಗಿಯಾಗಿತ್ತು. ವಿದೇಶಿ ಸಾಲವನ್ನು ತೀರಿಸುವ ಹಟದಲ್ಲಿ 1980ರ ದಶಕದಲ್ಲಿ ಆಹಾರ ಪದಾರ್ಥಗಳು ರಫ್ತಾಗುತ್ತಿದ್ದವು. ದೇಶದೊಳಗೆ ಬ್ರೆಡ್, ಸಕ್ಕರೆ, ಅಡುಗೆ ಎಣ್ಣೆಗಳಿಗೆ ಪಡಿತರ ಬಂದಿತು. ಚಳಿಗಾಲದಲ್ಲೂ ಮನೆಗಳ ಶಾಖ ಮತ್ತು ವಿದ್ಯುತ್ತನ್ನು ಕಡಿತಗೊಳಿಸಲಾಗುತ್ತಿತ್ತು. ದೂರದರ್ಶನದ ಪ್ರಸಾರ ವಾರದ ದಿನಗಳಲ್ಲಿ ಎರಡು ಗಂಟೆಗೆ ಇಳಿಯಿತು. ಸರದಿಯ ಸಾಲು ಕಂಡರೆ, ಏನು ಮಾರುತ್ತಿದ್ದಾರೆಂದು ತಿಳಿಯುವ ಮೊದಲೇ ಜನ ನಿಲ್ಲುತ್ತಿದ್ದರು. ಸಾಲಿನಲ್ಲಿ ಪಿಸುಮಾತಿನ ನಗೆಹನಿಗಳಿದ್ದವು. ಪಕ್ಕದವನು ಗುಪ್ತ ಪೊಲೀಸ್ ಸಂಸ್ಥೆಯಾದ ‘ಸೆಕ್ಯುರಿತಾತೆ’ಯ ಮಾಹಿತಿದಾರನಿರಬಹುದೆಂಬ ಅನುಮಾನವೂ ಇತ್ತು.

ನನ್ನ ತಂದೆಯವರು ತಾಲ್ಲೂಕು ಕಚೇರಿಯ ಎದುರು ಅರ್ಜಿಗಳನ್ನು ಟೈಪ್ ಮಾಡಿ ಬದುಕಿದವರು. ಅವರ ಯಂತ್ರದಲ್ಲಿ ‘ರ’ ಅಕ್ಷರ ಗೆರೆಯಿಂದ ತುಸು ಮೇಲೆ ಬೀಳುತ್ತಿತ್ತು. ಯಾವ ಅರ್ಜಿ ಅವರದೆಂದು ಅದರಿಂದಲೇ ನಾವು ಹೇಳುತ್ತಿದ್ದೆವು. ರುಮೇನಿಯಾದ ಸಂಗತಿಯನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತುರ್ತು ಪರಿಸ್ಥಿತಿ ಇದ್ದಾಗ ಅಧಿಕಾರಿಯೊಬ್ಬರ ಮೇಲೆ ದೂರು ಬರೆಸಲು ಒಬ್ಬ ರೈತ ಬಂದಿದ್ದನಪ್ಪ. ರಿಬ್ಬನ್ ಹರಿದಿದೆ ಅಂತ ಕಳಿಸಿಬಿಟ್ಟೆ. ಹರಿದಿರಲಿಲ್ಲ” ಎಂದರು. ಹಾಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ.

1975ರಿಂದ 1977ರವರೆಗಿನ 21 ತಿಂಗಳುಗಳನ್ನೂ ರುಮೇನಿಯಾದ 24 ವರ್ಷಗಳನ್ನೂ ಸಮೀಕರಿಸುವುದು ತಪ್ಪಾಗುತ್ತದೆ. ಆದರೆ 21 ತಿಂಗಳಲ್ಲೇ ಒಬ್ಬ ಸಾಮಾನ್ಯ ಮನುಷ್ಯನ ಬೆರಳುಗಳು ತಾವಾಗಿಯೇ ಹಿಂಜರಿದವೆಂದಾದರೆ, ಅಲ್ಲಿ ಎಷ್ಟು ಮನೆಗಳಲ್ಲಿ ರಿಬ್ಬನ್ ‘ಹರಿದಿರ’ಬೇಕು!

ನನ್ನ ಪ್ರಬಂಧದ ಅಧ್ಯಾಯದಲ್ಲಿ ನಿಷೇಧಿತ ಕೃತಿಗಳೂ ಸೆರೆಮನೆ ಕಂಡ ಲೇಖಕರೂ ಇದ್ದಾರೆ. ಬರೆಯದೇ ಉಳಿದ ಅರ್ಜಿಗೆ ಮಾತ್ರ ಅಲ್ಲಿ ಸ್ಥಳವಿಲ್ಲ. ರುಮೇನಿಯಾ 1999ರಲ್ಲಿ ಕಾನೂನು ಮಾಡಿ ಗುಪ್ತ ಪೊಲೀಸರ ಕಡತಗಳನ್ನು ನೋಡುವ ಹಕ್ಕನ್ನು ಪ್ರಜೆಗಳಿಗೆ ನೀಡಿತು. ಆದರೆ ಮೌನಕ್ಕೆ ಕಡತವಿರುವುದಿಲ್ಲ. ಮರಳಿ ಹೋದ ಆ ರೈತನ ಹೆಸರು ತಂದೆಯವರಿಗೂ ಈಗ ನೆನಪಿಲ್ಲ. ಅಧ್ಯಾಯವನ್ನು ಮತ್ತೆ ಬರೆಯಲು ತೊಡಗಿದ್ದೇನೆ.