ಅಂಬಾಸಿಡರ್‌ನ ಶೋಕಿ ತಮ್ಮ

ನನ್ನ ಹತ್ತಿರ ಸ್ಪೋರ್ಟ್ಸ್ ಕಾರಿದೆ ಎಂಬ ಸುದ್ದಿ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಲ್ಲೆಲ್ಲ ಹಬ್ಬಿದೆ. ಇಂಗ್ಲೆಂಡಿಗೆ ಹೋದವನು ಕೆಟ್ಟ ಎಂದು ಕೆಲವರು, ಚೆನ್ನಾಗಿ ದುಡ್ಡು ಮಾಡಿದ ಎಂದು ಕೆಲವರು ತೀರ್ಮಾನಿಸಿದ್ದಾರೆ. ಎರಡೂ ಪಂಗಡದವರಿಗೆ ಕಾರಿನ ವಯಸ್ಸು ಗೊತ್ತಿಲ್ಲ. ಅದು 1973ರ ಎಂಜಿಬಿ. ಎರಡೇ ಬಾಗಿಲು, ಎರಡೇ ಸೀಟು, ಬೇಕಾದಾಗ ಮಡಚಿ ಹಿಂದಕ್ಕೆ ತಳ್ಳುವ ಟಾಪು. ಬಣ್ಣಕ್ಕೆ ಕಂಪನಿಯವರು ಇಟ್ಟ ಹೆಸರು ಹಾರ್ವೆಸ್ಟ್ ಗೋಲ್ಡ್. ನೋಡಿದರೆ ಬಣವೆಯ ನೆತ್ತಿಯಲ್ಲಿ ಬಿಸಿಲು ಕುಡಿದ ಹುಲ್ಲಿನ ಹಾಗಿದೆ. ಹುಟ್ಟಿದಾಗ ಗಂಟೆಗೆ 100 ಮೈಲಿ ದಾಟುತ್ತಿತ್ತಂತೆ. ಈಗ ನನ್ನ ಹೆಂಡತಿ ತರಕಾರಿ ತರಲು ಒಯ್ಯುವ ಪುಟ್ಟ ಕಾರು ಸಿಗ್ನಲ್ ಬಿಟ್ಟ ಕೂಡಲೇ ಇದನ್ನು ಹಿಂದೆ ಹಾಕುತ್ತದೆ. ಇಷ್ಟಾದರೂ ಸ್ಪೋರ್ಟ್ಸ್ ಕಾರೇ. ಹೆಸರು ಒಮ್ಮೆ ಬಿತ್ತೆಂದರೆ ಬಿತ್ತು.

ನಾನಿರುವುದು ಆಕ್ಸ್‌ಫರ್ಡಿನ ದಕ್ಷಿಣಕ್ಕೆ, ಥೇಮ್ಸ್ ದಂಡೆಯ ಅಬಿಂಗ್ಡನ್ನಿನಲ್ಲಿ. ರಾಜಮನೆತನದಲ್ಲಿ ಮದುವೆ, ಪಟ್ಟಾಭಿಷೇಕ ಏನಾದರೂ ನಡೆದರೆ ಈ ಊರಿನ ಕೌನ್ಸಿಲರುಗಳು ಕೌಂಟಿ ಹಾಲ್ ಮಾಳಿಗೆ ಹತ್ತಿ ಕೆಳಗೆ ನಿಂತ ಜನರ ಮೇಲೆ ಬನ್ನು ಎಸೆಯುತ್ತಾರೆ. ಅದು ಇಲ್ಲಿನ ಸಂಪ್ರದಾಯ. ಬನ್ನು ಬಿಟ್ಟರೆ ಊರಿಗೆ ಹೆಸರು ತಂದದ್ದು ಎಂಜಿ ಕಾರು. ಆ ಎರಡಕ್ಷರ ಮಾರಿಸ್ ಗ್ಯಾರೇಜಸ್ ಎಂಬುದರ ಮೊಟಕು. ವಿಲಿಯಂ ಮಾರಿಸ್ ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದ ಕಾರು ಮಾರುವ, ರಿಪೇರಿ ಮಾಡುವ ಅಂಗಡಿ ಅದು. 1921ರಲ್ಲಿ ಅಲ್ಲಿಗೆ ಸೇಲ್ಸ್ ಮ್ಯಾನೇಜರಾಗಿ ಬಂದ ಸೆಸಿಲ್ ಕಿಂಬರ್‌ಗೆ ಒಂದು ಉಪಾಯ ಹೊಳೆಯಿತು. ಮಾರಿಸ್ ಕಂಪನಿಯ ಸಾದಾ ಕಾರಿನ ಚಾಸಿ, ಎಂಜಿನ್ ತೆಗೆದುಕೊಳ್ಳುವುದು, ಅದರ ಮೇಲೆ ಚೆಂದದ ಬಾಡಿ ಕೂರಿಸುವುದು, ಸ್ವಲ್ಪ ಚುರುಕು ಮಾಡಿ ಹೆಚ್ಚು ಬೆಲೆಗೆ ಮಾರುವುದು. 1929ರಲ್ಲಿ ಕಾರ್ಖಾನೆ ಅಬಿಂಗ್ಡನ್ನಿಗೆ ಬಂತು. ಪಾವ್ಲೋವಾ ಎಂಬ ಚರ್ಮದ ಕಂಪನಿಯ ಖಾಲಿ ಬಿದ್ದಿದ್ದ ಕಟ್ಟಡವೇ ಅದಕ್ಕೆ ನೆಲೆಯಾಯಿತು. ಕಿಂಬರ್‌ನನ್ನು ಎರಡನೇ ಮಹಾಯುದ್ಧದ ನಡುವೆ ಕೆಲಸದಿಂದ ತೆಗೆದರು. ಅಷ್ಟೆಲ್ಲ ವೇಗ ಮಾರಿದ ಮನುಷ್ಯ ತೀರಿಕೊಂಡದ್ದು 1945ರಲ್ಲಿ, ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಹೊರಟು ಏರು ಹತ್ತಲಾಗದೆ ಹಿಂದಕ್ಕೆ ಜಾರಿದ ರೈಲಿನಲ್ಲಿ. ಹಣೆಬರಹಕ್ಕೂ ಒಂದು ವಕ್ರ ಹಾಸ್ಯವಿರುತ್ತದೆ.

ಕಿಂಬರ್ ಹೋದರೂ ಅವನ ಉಪಾಯ ಹೋಗಲಿಲ್ಲ. 1962ರಲ್ಲಿ ಎಂಜಿಬಿ ಬಂದಾಗ ಸಿಡ್ ಎನೆವರ್‌ನ ತಂಡ ಬಾಡಿಯನ್ನು ಹೊಸದಾಗಿಯೇ ರೂಪಿಸಿತು. ಬಾನೆಟ್ಟಿನ ಕೆಳಗೆ ಕೂತದ್ದು ಮಾತ್ರ ಮನೆಮಂದಿಯ ಕಾರುಗಳಲ್ಲಿ ದುಡಿದು ಹಣ್ಣಾಗಿದ್ದ ಬಿ-ಸೀರೀಸ್ ಎಂಜಿನ್. ಈ ಎಂಜಿನ್ ನಮಗೆ ಹೊರಗಿನದಲ್ಲ. ಇದರ 1489 ಸಿ.ಸಿ. ರೂಪವೇ ನಮ್ಮ ಹಿಂದೂಸ್ತಾನ್ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಗುಡುಗಿದ್ದು. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಲ್ಲಿನ ಸಂಸಾರದ ಕಾರು ಕೋಲ್ಕತ್ತದ ಹತ್ತಿರದ ಉತ್ತರಪಾಡಕ್ಕೆ ಹೋಗಿ ಅಂಬಾಸಿಡರ್ ಆಯಿತು. ಅದೇ ಎಂಜಿನ್ ಎರಡು ಕಾರ್ಬುರೇಟರ್ ಹೊತ್ತುಕೊಂಡು 1955ರಲ್ಲಿ ಎಂಜಿಎ ಸ್ಪೋರ್ಟ್ಸ್ ಕಾರಾಯಿತು. ಎಂಜಿಬಿಗೆ ಬರುವ ಹೊತ್ತಿಗೆ ಬೋರ್ 73 ಮಿಲಿಮೀಟರಿನಿಂದ 80ಕ್ಕೆ ಹಿಗ್ಗಿ 1798 ಸಿ.ಸಿ. ಆಗಿತ್ತು. ಸ್ಟ್ರೋಕ್ ಹಾಗೇ ಉಳಿಯಿತು: ಅಂಬಾಸಿಡರ್‌ನಲ್ಲೂ 88.9 ಮಿಲಿಮೀಟರ್, ಎಂಜಿಬಿಯಲ್ಲೂ 88.9. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಒಬ್ಬ, ಪೊಲೀಸ್ ಇನ್‌ಸ್ಪೆಕ್ಟರು, ಶಾಸಕರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ತಿರುಗಿದ, ಇನ್ನೊಬ್ಬ ಟಾಪು ಮಡಚಿಕೊಂಡು ಅಮೆರಿಕಕ್ಕೆ ಹೋದ.

ನನಗೆ ಇದು ಪುಸ್ತಕ ಓದಿ ತಿಳಿದ ವಿಷಯವಲ್ಲ. ತೀರ್ಥಹಳ್ಳಿಯಲ್ಲಿ ನನ್ನ ಸೋದರಮಾವನದು ಅಂಬಾಸಿಡರ್ ಟ್ಯಾಕ್ಸಿ, ಮಾರ್ಕ್ 2. ಆಗುಂಬೆ ಘಾಟಿ ಇಳಿದು ಹತ್ತುವುದೇ ಅದರ ಬಾಳು. ರಜೆಗೆ ಹೋದರೆ ನನ್ನ ಕೆಲಸ ಮಾವನ ಪಕ್ಕ ಕೂತು ಸ್ಪ್ಯಾನರ್ ಕೊಡುವುದು. ಇಂಚಿನ ಲೆಕ್ಕ ಅಲ್ಲೇ ಬಾಯಿಪಾಠವಾಯಿತು: ಏಳು-ಹದಿನಾರು, ಅರ್ಧ, ಒಂಬತ್ತು-ಹದಿನಾರು. ಶಾಲೆಯಲ್ಲಿ ಭಿನ್ನರಾಶಿ ಕಲಿಸುವ ಮೇಷ್ಟ್ರಿಗೆ ಈ ಮಾರ್ಗ ಗೊತ್ತಿರಲಿಲ್ಲ. ಊರೆಲ್ಲ ಮಿಲಿಮೀಟರಿಗೆ ಬದಲಾದ ಮೇಲೂ ಆ ಅಳತೆ ನನ್ನ ಬೆರಳಲ್ಲಿ ಉಳಿದಿತ್ತು. ಎಂಜಿಬಿಯ ಮುಂದೆ ಮೊದಲ ಸಲ ಸ್ಪ್ಯಾನರ್ ಹಿಡಿದಾಗ ಕೈ ತಾನಾಗಿ ಒಂಬತ್ತು-ಹದಿನಾರನ್ನೇ ಎತ್ತಿಕೊಂಡಿತು, ಅದೇ ಸರಿಯಾಗಿ ಕೂತಿತು.

ಎಂಜಿನ್ ನಂಟನಾದರೂ ಬಾಡಿ ಪರಕೀಯ. ಹಳೆಯ ಅಂಬಾಸಿಡರ್‌ನ ತಗಡು ದಪ್ಪ, ಮೇಲೆ ಛಾವಣಿ ಬೇರೆ. ಸ್ವಲ್ಪ ತುಕ್ಕು ತಿಂದರೂ ಬಗ್ಗುವುದಿಲ್ಲ. ಎಂಜಿಬಿಗೆ ಪ್ರತ್ಯೇಕ ಚಾಸಿಯೂ ಇಲ್ಲ, ಛಾವಣಿಯೂ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೂ ಹಾಯುವ ಸಿಲ್ ಎಂಬ ಟೊಳ್ಳು ಪೆಟ್ಟಿಗೆಯೇ ಅದರ ಬೆನ್ನುಮೂಳೆ. ಇಲ್ಲಿನ ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಿಸಲು ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಹೋಗಿ ಕೂರುವುದು ಈ ಪೆಟ್ಟಿಗೆಯೊಳಗೆ. ಕಾರು ಕೊಂಡಾಗ ಸಿಲ್ ನುಣ್ಣಗೆ ಹೊಳೆಯುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ತಗಡು ಟಣ್ ಎನ್ನಬೇಕು. ಇದು ಗೋಡೆಯ ಹಾಗೆ ಮೊದ್ದಾಗಿ ಸದ್ದು ಮಾಡಿತು. ತುದಿಯಿಂದ ಕೆದಕಿದರೆ ಬಣ್ಣ, ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಕೋಳಿಗೂಡಿನ ಜಾಲರಿ, ಜಾಲರಿಯ ಹಿಂದೆ ಏನೂ ಇಲ್ಲ. ಯಾರೋ ಹಿಂದಿನ ಮಾಲೀಕ ಟಿಂಕರ್ ಕೆಲಸಕ್ಕೆ ದುಡ್ಡು ಕೊಡದೆ ಶಿಲ್ಪಕಲೆ ಪ್ರಯೋಗಿಸಿದ್ದ.

ಇದನ್ನು ಸರಿಪಡಿಸುವುದು ತೋರಿದಷ್ಟು ಸುಲಭವಲ್ಲ. ಸಿಲ್ ಕತ್ತರಿಸಿದ ಕೂಡಲೇ ಕಾರು ನಡುವೆ ಜಗ್ಗುತ್ತದೆ. ಬಾಗಿಲಿನ ಸಂದು ಮುಚ್ಚಿಕೊಂಡು ಬಾಗಿಲು ತೆರೆಯದಾಗುತ್ತದೆ. ಅದಕ್ಕೇ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಬೆಸೆದು, ಕಾರಿನ ಭಾರವನ್ನು ಸರಿಯಾದ ಕಡೆ ಸ್ಟ್ಯಾಂಡಿನ ಮೇಲೆ ಹೊರಿಸಿ, ಒಂದು ಪಕ್ಕ ಪೂರ್ತಿ ಮುಗಿದ ಮೇಲೇ ಇನ್ನೊಂದು ಪಕ್ಕಕ್ಕೆ ಕೈ ಹಾಕಬೇಕು. ಸಿಲ್ಲಿನಲ್ಲಿ ಕೆಳಗೆ ಮಡಿಕೆ ಮಡಿಕೆಯ ತಳದ ಪಟ್ಟಿ, ನಡುವೆ ನಿಲುವಾಗಿ ಒಂದು ಹಾಳೆ, ಹೊರಗೆ ಕಣ್ಣಿಗೆ ಕಾಣುವ ಮುಚ್ಚಳ. ಅಂದಗೆಡುವುದು ಹೊರಗಿನದು, ಜೀವ ಹಿಡಿಯುವುದು ಒಳಗಿನವು. ವೆಲ್ಡಿಂಗನ್ನು ಇಲ್ಲಿನ ಕಾಲೇಜೊಂದರ ಸಂಜೆ ತರಗತಿಯಲ್ಲಿ ಕಲಿತೆ. ತರಗತಿಯಲ್ಲಿ ಬೆಸೆಯಲು ಕೊಡುವುದು ದಪ್ಪನೆಯ ಹೊಸ ತಗಡು. ಮನೆಯಲ್ಲಿ ಸಿಕ್ಕಿದ್ದು ಹಪ್ಪಳದಷ್ಟು ತೆಳುವಾದ ಹಳೆಯದು. ಒಂದು ಕಡೆ ಉದ್ದಕ್ಕೆ ಎಳೆದರೆ ತೂತು ಬೀಳುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು, ಮತ್ತೆ ನಡುವೆ ಒಂದು ಚುಕ್ಕಿ ಇಡಬೇಕು. ಅಮ್ಮ ಸಂಕ್ರಾಂತಿಗೆ ರಂಗೋಲಿ ಹಾಕುತ್ತಿದ್ದಾಗ ನಾನು ಗಮನ ಕೊಟ್ಟಿದ್ದರೆ ಈ ವಿದ್ಯೆ ಬೇಗ ಹತ್ತುತ್ತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದಳು. “ರೀ, ಇದಕ್ಕೆ ಸುರಿದ ದುಡ್ಡಿನಲ್ಲಿ ಶಿವಮೊಗ್ಗದಲ್ಲಿ ಒಂದು ಸೈಟು ಬರ್ತಿತ್ತು” ಎಂದಳು. ಲೆಕ್ಕ ಹಾಕಿ ನೋಡಿದೆ. ಸೈಟಿನ ಅರ್ಧ ಬರುತ್ತಿತ್ತು. ಹೇಳಲಿಲ್ಲ.

ತಗಡಿನ ಕೆಲಸ ಗೋಳಾದರೆ ಕಾರ್ಬುರೇಟರಿನದು ಸುಖ. ಎಂಜಿಬಿಗೆ ಎಸ್‌ಯು ಕಂಪನಿಯ ಜೋಡಿ ಕಾರ್ಬುರೇಟರು. ಸ್ಕಿನ್ನರ್ಸ್ ಯೂನಿಯನ್ ಎಂಬುದು ಅದರ ಪೂರ್ತಿ ಹೆಸರು; ಸ್ಕಿನ್ನರ್ ಮನೆತನದ್ದು ಮೂಲತಃ ಜೋಡು ಮಾರುವ ವ್ಯಾಪಾರ. ಅವರ ಮೊದಲ ಕಾರ್ಬುರೇಟರುಗಳಲ್ಲಿ ಗಾಳಿಯ ಒತ್ತಡಕ್ಕೆ ಏರಿಳಿಯುವ ತಿದಿ ಚರ್ಮದ್ದಾಗಿತ್ತು. ಮುಂದೆ ಚರ್ಮ ಹೋಗಿ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು, ತತ್ವ ಬದಲಾಗಲಿಲ್ಲ. ಎಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಅಷ್ಟು ಪಿಸ್ಟನ್ ಏರುತ್ತದೆ, ಅದರ ತುದಿಯ ಚೂಪು ಸೂಜಿ ಅಷ್ಟೇ ಪೆಟ್ರೋಲು ಬಿಡುತ್ತದೆ. ಪಿಸ್ಟನ್ ದಡಕ್ಕನೆ ಜಿಗಿಯದಿರಲೆಂದು ಮೇಲಿನ ಕೊಳವೆಗೆ ಸ್ವಲ್ಪ ಆಯಿಲ್ ಹಾಕುತ್ತಾರೆ. ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಎರಡನ್ನೂ ಸರಿಸಮ ಮಾಡಲು ಬೇಕಾದದ್ದು ಒಂದು ತುಂಡು ರಬ್ಬರ್ ಪೈಪು: ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರಲ್ಲೂ ಸುಯ್ ಎನ್ನುವ ಸದ್ದು ಒಂದೇ ಶ್ರುತಿಗೆ ಬರುವವರೆಗೆ ಸ್ಕ್ರೂ ತಿರುಗಿಸುವುದು. ಅಂಬಾಸಿಡರ್‌ಗೂ ಎಸ್‌ಯು ಇತ್ತು, ಒಂದೇ ಒಂದು. ಶ್ರುತಿ ಕೂಡಿಸುವ ಪ್ರಶ್ನೆ ಮಾವನಿಗೆ ಬರಲಿಲ್ಲ.

ಮಾವನ ನೆರವು ಬೇಕಾದದ್ದು ಟ್ಯಾಪೆಟ್ಟಿನಲ್ಲಿ. ಎಂಜಿನ್ ಚಾಲೂ ಆಯಿತು, ಬಿಸಿಯಾಯಿತು, ಟಕ ಟಕ ಸದ್ದು ಮಾತ್ರ ನಿಲ್ಲಲಿಲ್ಲ. ಪುಸ್ತಕ ಹೇಳುವುದು ರಾಕರಿಗೂ ವಾಲ್ವಿಗೂ ನಡುವೆ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು ಸಂದು ಇರಬೇಕೆಂದು. ಗೇಜು ಹಾಕಿದರೆ ಎಂಟೂ ವಾಲ್ವಿನಲ್ಲಿ ಸರಿಯಾಗಿ 15. ಕೊನೆಗೆ ವಾಟ್ಸ್ಯಾಪ್ ವಿಡಿಯೋದಲ್ಲಿ ತೀರ್ಥಹಳ್ಳಿಗೆ ಹಚ್ಚಿ ಫೋನನ್ನು ಎಂಜಿನ್ನಿನ ಮೇಲೆ ಹಿಡಿದೆ. ಮಾವನಿಗೆ ಈಗ ಕಣ್ಣು ಮಂಜು. ಕಾರು ಎಂಥದು, ಯಾವ ಬಣ್ಣದ್ದು ಎಂದು ಕೇಳಲೇ ಇಲ್ಲ.

“ಇದು ನಮ್ಮ ಎಂಜಿನ್ ಅಲ್ವೇನೋ?”

“ಅದರ ತಮ್ಮ, ಮಾವ. ಗೇಜಿನಲ್ಲಿ ಹದಿನೈದೇ ಬರ್ತಾ ಇದೆ. ಆದ್ರೂ ಬಡ್ಕೊಳ್ತಿದೆ.”

“ಬಡ್ಕೊಳ್ಳದೆ ಏನ್ ಮಾಡುತ್ತೆ? ರಾಕರ್ ಬಿಚ್ಚಿ ಅದರ ಮೂತಿ ನೋಡು. ಸವೆದು ಗುಳಿ ಬಿದ್ದಿರುತ್ತೆ. ನಿನ್ನ ಗೇಜು ಚಪ್ಪಟೆ. ಗುಳಿಗೆ ಇಳಿಯಲ್ಲ, ಅಂಚಿನ ಮೇಲೆ ಮಲಗುತ್ತೆ. ಗೇಜಿಗೆ ಹದಿನೈದು, ವಾಲ್ವಿಗೆ ಇಪ್ಪತ್ತೈದು. ಗೇಜಿಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೋ, ಅದಕ್ಕೆ ಕಾಣಲ್ಲ ಅಷ್ಟೆ.”

ಬಿಚ್ಚಿದೆ. ಎರಡು ರಾಕರಿನ ಮೂತಿಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ. ಶಾಫ್ಟೂ ಕೆಳಮೈಯಲ್ಲಿ ಸವೆದಿತ್ತು. ರಾತ್ರಿ ಅಂಗಡಿಗೆ ಆರ್ಡರ್ ಕೊಟ್ಟರೆ ಮರುದಿನ ಮಧ್ಯಾಹ್ನ ಹೊಸ ಶಾಫ್ಟು, ಹೊಸ ರಾಕರು ಪೊಟ್ಟಣ ಕಟ್ಟಿಕೊಂಡು ಬಾಗಿಲಿಗೆ ಬಂದವು. ಹಾಕಿದೆ, ಸದ್ದು ಹೋಯಿತು. ಮಾವನಿಗೆ ಹೇಳಿದರೆ ಅವರಿಗೆ ಆಶ್ಚರ್ಯವಾದದ್ದು ಸದ್ದು ಹೋದದ್ದಕ್ಕಲ್ಲ, ಪೊಟ್ಟಣಕ್ಕೆ. “ಐವತ್ತು ವರ್ಷದ ಗಾಡಿಗೆ ಇವತ್ತಿಗೂ ಸಾಮಾನು ಮಾಡ್ತಾರಾ?”

ಮಾಡುತ್ತಾರೆ. ನನಗೆ ಈ ಕಾರಿನ ಬಗ್ಗೆ ನಿಜವಾದ ಗೌರವ ಹುಟ್ಟಿದ್ದು ಅಲ್ಲಿ. 1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ ತನ್ನ ಎಂಜಿ ಕಾರ್ಖಾನೆಗೆ 50 ತುಂಬಿತೆಂದು ಹಬ್ಬ ಮಾಡಿತು. ಹಬ್ಬ ಮುಗಿದು ಬಂದ ಸೋಮವಾರವೇ ಕಂಪನಿ ಕಾರ್ಖಾನೆ ಮುಚ್ಚುವ ಸುದ್ದಿ ಹೇಳಿತು. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಬಿತ್ತು. ಅಷ್ಟರಲ್ಲಿ ಈ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾಗಿದ್ದವು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬಾಡಿಯ ತಗಡು ಒತ್ತುವ ಹಳೆಯ ಅಚ್ಚುಗಳನ್ನು ಹುಡುಕಿ ಒಟ್ಟುಗೂಡಿಸಿದವರಿದ್ದರು. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಅದೇ ಅಚ್ಚಿನಲ್ಲಿ ಎಂಜಿಬಿಯ ಪೂರ್ತಿ ಬಾಡಿಯನ್ನೇ ಮತ್ತೆ ಮಾಡತೊಡಗಿತು. ತುಕ್ಕು ತಿಂದ ಕಾರಿನಿಂದ ಎಂಜಿನ್, ಗೇರ್ ಬಾಕ್ಸ್, ಸೀಟು ಬಿಚ್ಚಿ ಹೊಸ ಬಾಡಿಗೆ ವರ್ಗಾಯಿಸಿದರೆ ಮುಗಿಯಿತು. ಎಂಜಿ ಎಂಬ ಹೆಸರೇನೋ ಕೈಯಿಂದ ಕೈಗೆ ದಾಟಿ ಚೀನಾದ ಕಂಪನಿ ಸೇರಿದೆ. ಈಗ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಿರುವ ಎಂಜಿಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾದವು. ಬ್ಯಾಡ್ಜಿನ ಎಂಟು ಮೂಲೆ ಬಿಟ್ಟರೆ ನನ್ನ ಕಾರಿಗೂ ಅವಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ಅಂಬಾಸಿಡರ್‌ಗೆ.

ಅಣ್ಣನಿಗೆ ಈ ಉಪಚಾರ ಸಿಗಲಿಲ್ಲ. 2014ರಲ್ಲಿ ಉತ್ತರಪಾಡ ನಿಂತಿತು. ಮೂರು ವರ್ಷಕ್ಕೆ ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೊ ಕೊಂಡಿತು. ಹೆಸರಿಗೆ ಬೆಲೆ ಬಂತು, ಗಾಡಿಗೆ ಬರಲಿಲ್ಲ. ಮಾವನ ಮಾರ್ಕ್ 2 ಅದಕ್ಕೂ ಎಷ್ಟೋ ಮೊದಲೇ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿತ್ತು. ಎಂಜಿಬಿ ಉಳಿದದ್ದು ಅದು ಶ್ರೇಷ್ಠ ಯಂತ್ರವೆಂದಲ್ಲ. ಹಿಂದಿನ ಆಕ್ಸಲಿಗೆ ಎತ್ತಿನಗಾಡಿಯ ಕಾಲದ ಪಟ್ಟಿ ಸ್ಪ್ರಿಂಗು, ಮಳೆ ಬಂದರೆ ಟಾಪಿನ ಅಂಚಿನಿಂದ ಮೊಣಕಾಲಿಗೆ ನೀರು. ಯಾರಾದರೂ ಮನೆಯಲ್ಲಿ ಬಿಚ್ಚಿ ಜೋಡಿಸಬಹುದಾದಷ್ಟು ಸರಳವಾಗಿತ್ತು, ಬಿಚ್ಚಿದವನಿಗೆ ಸಾಮಾನು ಸಿಗುವಂತೆ ನಾಲ್ಕು ಜನ ನೋಡಿಕೊಂಡರು. ಸರಳತೆಯಲ್ಲಿ ಅಂಬಾಸಿಡರ್ ಒಂದು ಗುಲಗಂಜಿಯೂ ಕಡಿಮೆಯಿಲ್ಲ.

ಭಾರತದಲ್ಲಿ 2021ರ ಜುಲೈನಿಂದ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮವಿದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ನಂಬರಿನ ನಡುವೆ ವಿಎ ಎಂಬ ಅಕ್ಷರ. ಗಾಡಿ ಮೂಲರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದ್ದರಿಂದ ನಿಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ, ಅಡಕೆ ಗೋಣಿಗಳ ಹಿಂದೆ, ಟಾರ್ಪಾಲು ಹೊದ್ದ ಹಳೆಯ ಅಂಬಾಸಿಡರ್ ಇದ್ದರೆ ದಯವಿಟ್ಟು ಒಂದು ಕೆಲಸ ಮಾಡಿ. ನಾಲ್ಕೂ ಪ್ಲಗ್ಗು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಗೇರು ನ್ಯೂಟ್ರಲಿಗೆ ತಂದು, ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿದರೆ ಗುಜರಿಯವನಿಗೆ ಫೋನ್ ಮಾಡಬೇಡಿ.