ಸ್ಕ್ಯಾನರ್‌ಗೇ ಕಾಯಿಲೆ ಬಂದಾಗ

ಕಾರಿನ ಕಾಯಿಲೆ ಹೇಳುವ ಸ್ಕ್ಯಾನರೇ ಕೆಟ್ಟು ನನ್ನ ಮೇಜಿಗೆ ಬಂದರೆ ಆ ಸಂಜೆ ನನಗೆ ಬೇರೇನೂ ಬೇಡ. ಗ್ಯಾರೇಜಿನವರು ಕೈಗಿಡುವಾಗ "ಸತ್ತೋಗಿದೆ ಸಾರ್" ಅಂದುಬಿಡುತ್ತಾರೆ. ನನಗೆ ಅಷ್ಟು ಸಾಲದು. ಪರದೆಯೇ ಬೆಳಗುತ್ತಿಲ್ಲವೋ, ಬೆಳಗಿದರೂ ಗಾಡಿಗೆ ಲಿಂಕ್ ಆಗುತ್ತಿಲ್ಲವೋ? ಎರಡೂ ಬೇರೆ ಬೇರೆ ಕಾಯಿಲೆ. ಅದನ್ನು ಬಿಡಿಸಿ ನೋಡುವುದರಲ್ಲೇ ಈ ಕೆಲಸದ ಸುಖವೆಲ್ಲ ಇದೆ.

ಪರದೆ ಕಪ್ಪಾಗಿದ್ದರೆ ಮೊದಲು ಬೇರೊಂದು ಗಾಡಿಗೆ ಸಿಕ್ಕಿಸಿ ನೋಡಬೇಕು. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿನಲ್ಲಿ 16ನೇ ಪಿನ್ನಿಗೆ ಬ್ಯಾಟರಿಯ ಪ್ಲಸ್, 4 ಮತ್ತು 5ಕ್ಕೆ ಅರ್ತ್. ಕೀ ತಿರುಗಿಸದಿದ್ದರೂ ಅಲ್ಲಿ 12 ವೋಲ್ಟ್ ಇರಬೇಕು. ಎಷ್ಟೋ ಗಾಡಿಗಳಲ್ಲಿ ಸಿಗರೇಟ್ ಲೈಟರಿಗೂ ಈ ಸಾಕೆಟ್ಟಿಗೂ ಒಂದೇ ಫ್ಯೂಸ್. ಅಗ್ಗದ ಚಾರ್ಜರ್ ಅದನ್ನು ಸುಟ್ಟಿರುತ್ತದೆ, ಬೈಗುಳ ಮಾತ್ರ ಸ್ಕ್ಯಾನರಿಗೆ.

ಸಾಕೆಟ್ ಸರಿಯಿದ್ದರೆ ನನ್ನ ಅನುಮಾನ ಕೇಬಲ್ ಮೇಲೆ. ಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಪಿನ್ನಿಗೆ, ಇನ್ನೊಂದು ಬೋರ್ಡಿಗೆ ಮುಟ್ಟಿಸಿ, ಕನೆಕ್ಟರಿನ ಕತ್ತಿನ ಬಳಿ ವೈರನ್ನು ಮೆಲ್ಲಗೆ ಬಗ್ಗಿಸುತ್ತೇನೆ. ಬೀಪ್ ಕಟ್ಟಾಗುತ್ತದೆ. ನೆಟ್ಟಗೆ ಹಿಡಿದರೆ ಮತ್ತೆ ಕೂಗುತ್ತದೆ. ರಬ್ಬರ್ ಸೀಳಿ ನೋಡಿದರೆ ವೈರಿನ ಮೇಲಿನ ಬಣ್ಣದ ಸಿಪ್ಪೆಗೆ ಒಂದು ಗೀರೂ ಇಲ್ಲ, ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿವೆ. ವೈರ್ ಹಿಡಿದು ಎಳೆದೇ ಪ್ಲಗ್ ಕೀಳುವ ಅಭ್ಯಾಸದ ಫಲ ಅದು.

ಲಿಂಕ್ ಆಗದ ಸ್ಕ್ಯಾನರ್ ಇನ್ನೂ ರುಚಿ. ಗಾಡಿಯ ಬ್ಯಾಟರಿ ಕಳಚಿ, ಸಾಕೆಟ್ಟಿನ 6 ಮತ್ತು 14ರ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು: ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನ ಎರಡು ತುದಿಯಲ್ಲೂ 120ರ ಒಂದೊಂದು ರೆಸಿಸ್ಟರ್ ಕೂತಿದೆ. 120 ತೋರಿಸಿದರೆ ಎಲ್ಲೋ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಗುಲಿವೆ. ಬಾನೆಟ್ಟಿನೊಳಗೆ ಕಣ್ಣಿಗೆ ಬೀಳದ ಗಂಟನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂತೇ ಹಿಡಿಯುವುದು ನನಗಂತೂ ಎಂದೂ ಹಳತಾಗದ ಖುಷಿ.

ಹೊಸ ಗಾಡಿಗಳ ಜೊತೆ ಸರಿಯಾಗಿದ್ದು, 7ನೇ ಪಿನ್ನಿನ ಕೆ-ಲೈನ್ ಬಳಸುವ ಹಳೆಯ ಗಾಡಿಗಳ ಮುಂದೆ ಮಾತ್ರ ಮೂಕವಾಗುವ ಸ್ಕ್ಯಾನರುಗಳೂ ಇವೆ. ಸಾಮಾನ್ಯವಾಗಿ ಕೆ-ಲೈನಿನ ಒಂದು ಸಣ್ಣ ಚಿಪ್ಪು ಸತ್ತಿರುತ್ತದೆ. ಅದಕ್ಕಾಗಿ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನು ಸುತ್ತುವುದೂ ನನಗೆ ಇಷ್ಟವೇ.

ಇಷ್ಟನ್ನೂ ನೋಡದೆ ಸಾಫ್ಟ್‌ವೇರ್ ಅಪ್‌ಡೇಟಿಗೆ ಕೈಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ಲೂಸ್ ಕೇಬಲ್ಲಿನಲ್ಲಿ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಉಳಿಯಬಹುದಾಗಿದ್ದ ಯಂತ್ರವೂ ಹೋಗುತ್ತದೆ.

ರಿಪೇರಿ ಮುಗಿದ ಮೇಲೆ ನಡುಗುತ್ತಿರುವ ಎಂಜಿನ್ ಒಂದಕ್ಕೆ ಸಿಕ್ಕಿಸಿ ನೋಡಬೇಕು. ಈಚೆಗೆ ಹಾಗೆ ನೋಡಿದಾಗ ಪಿ0301 ಬಂತು: ಒಂದನೇ ಸಿಲಿಂಡರ್ ಮಿಸ್. "ಸ್ಕ್ಯಾನರ್ ನಂಬಬಹುದಾ ಸಾರ್?" ಎಂದು ಕೇಳಿದ ಮೆಕ್ಯಾನಿಕ್. ಒಂದು ಮತ್ತು ಎರಡನೇ ಸಿಲಿಂಡರಿನ ಕಿಡಿ ಹೊತ್ತಿಸುವ ಕಾಯಿಲ್ ಅದಲು ಬದಲು ಮಾಡಿ, ಕೋಡ್ ಅಳಿಸಿ, ಎಂಜಿನ್ ಓಡಿಸಿದೆವು. ಪಿ0302 ಬಂತು. ಅವನು ಹೊಸ ಕಾಯಿಲ್ ತರಲು ಹೊರಟ.